ಒಳಗಿನ ಚಿಲಕ

"ಯಾರಪ್ಪ ನೀನು? ನಮ್ಮನೆ ಬಚ್ಚಲಲ್ಲಿ ಬಂದು ಯಾಕೆ ಬಿದ್ಕೊಂಡಿದ್ದೀಯ?"

ಹೆಂಡತಿ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಮೇಸ್ತ್ರಿ ಒದ್ದೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಒಲೆಯ ಮೇಲೆ ಹಾಲಿಟ್ಟು ಕೈ ತೊಳೆಯಲು ಬಂದವನ ಕಾಲು ಜಾರಿತ್ತು. ಬೀಳುವಾಗ ಸೊಂಟದ ಹತ್ತಿರ ಏನೋ ಮುರಿದ ಸದ್ದು ಅವನಿಗೇ ಕೇಳಿಸಿತ್ತು. ಎಡಗಾಲು ಹೇಳಿದ ಮಾತು ಕೇಳುತ್ತಿತ್ತು, ಬಲಗಾಲು ತನಗೂ ಅವನಿಗೂ ಸಂಬಂಧವೇ ಇಲ್ಲವೆಂಬಂತೆ ಓರೆಯಾಗಿ ಬಿದ್ದಿತ್ತು.

"ನಾನು ಕಣೇ, ನಿನ್ನ ಗಂಡ. ಜಾರಿ ಬಿದ್ದಿದ್ದೀನಿ."

"ನನ್ನ ಗಂಡ ಅಂಗಡೀಲಿದ್ದಾರೆ. ಅವರು ಬರೋದು ಕತ್ತಲಾದ ಮೇಲೆ. ಸುಳ್ಳು ಹೇಳೋದಾದ್ರೆ ಒಂಚೂರು ಹೊಂದೋ ಹಾಗೆ ಹೇಳು."

ಅಂಗಡಿ ಮುಚ್ಚಿ ವರ್ಷಗಳೇ ಆಗಿದ್ದವು. ಅಲ್ಲೀಗ ಯಾರೋ ಮೊಬೈಲ್ ಕವರು ಮಾರುತ್ತಿದ್ದರು. ಆದರೂ ಬಡಾವಣೆಗೆಲ್ಲ ಅವನು ಇನ್ನೂ ಬೀಗದ ಮೇಸ್ತ್ರಿಯೇ. ಅವನು ತೆಗೆಯದ ಬೀಗವಿಲ್ಲ, ಅವನು ಹಾಕಿದ್ದನ್ನು ಬೇರೆಯವರು ತೆಗೆದ ಉದಾಹರಣೆಯೂ ಇಲ್ಲ ಎಂದು ಜನ ಹೇಳುತ್ತಿದ್ದರು. ಜನರಿಗಿಂತ ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದ.

ಹೆಂಡತಿ ಹೀಗೆ ಕೇಳುವುದು ಹೊಸದೇನೂ ಅಲ್ಲ. ಮಧ್ಯಾಹ್ನ ಇಳಿದರೆ ಸಾಕು, ಅವನು ಅವಳ ಪಾಲಿಗೆ ಯಾರೋ ಆಗಿಬಿಡುತ್ತಿದ್ದ. ಸಂಜೆ ಹೊತ್ತು ಅವಳನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬರುತ್ತಿದ್ದ ಹುಡುಗಿ, "ವಾದ ಮಾಡ್ಬೇಡಿ ತಾತ, ಅಜ್ಜಿ ಏನಂದ್ರೂ ಹೂಂ ಅಂದುಬಿಡಿ," ಎಂದು ಎಷ್ಟೋ ಸಲ ಹೇಳಿದ್ದಳು. ಅವನು ರೇಗಿದ್ದ. "ಕಳ್ಳ ಅಂತಾಳೆ. ಅದಕ್ಕೂ ಹೂಂ ಅನ್ಲಾ? ಇವಳ ಜೊತೆ ಇಡೀ ಆಯುಸ್ಸು ಕಳೆದಿರೋದು ನಾನು." ಮದುವೆಯ ಫೋಟೊ ತಂದು ತೋರಿಸುತ್ತಿದ್ದ. ಹೆಂಡತಿ ಫೋಟೊ ನೋಡುತ್ತಿದ್ದಳು, ಅವನ ಮುಖ ನೋಡುತ್ತಿದ್ದಳು, ಎರಡಕ್ಕೂ ತಾಳೆಯಾಗದೆ ಅಳುತ್ತಿದ್ದಳು. ಆಗಲೂ ಅವನು ಪಟ್ಟು ಬಿಡುತ್ತಿರಲಿಲ್ಲ.

ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಚುಸ್ ಎಂದು ಸದ್ದಾಯಿತು. ಆಮೇಲೆ ಬಂದದ್ದು ಬೇರೆ ವಾಸನೆ. ಉಕ್ಕಿದ ಹಾಲು ಬೆಂಕಿಯನ್ನು ಆರಿಸಿದೆ, ಗ್ಯಾಸು ಮಾತ್ರ ಬರುತ್ತಲೇ ಇದೆ ಎಂದು ಮೇಸ್ತ್ರಿಗೆ ತಿಳಿಯಿತು. ಗ್ಯಾಸು ನೆಲ ಹಿಡಿದು ಹರಡುತ್ತದೆ. ಅವನು ನೆಲದ ಮೇಲೇ ಇದ್ದ.

ಅವಳು ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹಚ್ಚುತ್ತಾಳೆಂದು ಅವನು ಒಲೆಯ ತಿರುಪನ್ನೇ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಬೇಕಾದಾಗ ಸಿಕ್ಕಿಸಿ ಹಚ್ಚುವುದು, ಉರಿಯುತ್ತಿರುವಾಗಲೇ ಮತ್ತೆ ಕಿತ್ತುಕೊಳ್ಳುವುದು. ಈಗ ಅದನ್ನು ತೆಗೆದು ಅವಳ ಕಾಲ ಬಳಿಗೆ ಜಾರಿಸಿದ.

"ಇದನ್ನ ಒಲೆಗೆ ಸಿಕ್ಕಿಸಿ ತಿರುಗಿಸು. ಬೇಗ, ನನ್ನ ಚಿನ್ನ."

ಅವಳು ಬಗ್ಗಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ನಮ್ಮನೆ ಒಲೇದು! ಜೇಬಿಗೆ ಹಾಕ್ಕೊಂಡು ಹೊರಟಿದ್ದೀಯಲ್ಲ! ಚಿನ್ನ ಬೇರೆ ಅಂತಾನೆ, ಕಳ್ಳ!" ಎಂದು ತಿರುಪನ್ನು ಸ್ವೆಟರಿನ ಜೇಬಿಗೆ ಸೇರಿಸಿ, ಕೈಗೆಟುಕದಷ್ಟು ದೂರ ಸರಿದಳು.

ತೆವಳಲು ನೋಡಿದ. ಮೊಣಕೈ ಊರಿದ್ದೇ ತಡ, ಸೊಂಟದಿಂದ ನೆತ್ತಿಯವರೆಗೆ ನೋವು ಎದ್ದು ಕಣ್ಣು ಕತ್ತಲಿಟ್ಟಿತು. ಕಣ್ಣು ಬಿಟ್ಟಾಗ ಇದ್ದಲ್ಲೇ ಇದ್ದ. ಬಚ್ಚಲ ಬಾಗಿಲಿಂದ ನಡುಮನೆ ಕಾಣುತ್ತಿತ್ತು, ಅದರಾಚೆ ಮುಂಬಾಗಿಲು. ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ದಿನ ಅವಳು ಕಿಟಕಿಯಾಚೆ ಕಾಲು ಹಾಕಿದ್ದನ್ನು ಕಂಡು ಅವಕ್ಕೂ ಅವನೇ ಬೀಗ ಕೂರಿಸಿದ್ದ.

ಮುಂಬಾಗಿಲ ಚಿಲಕ ಅವನ ಹೆಮ್ಮೆಯ ಕೆಲಸ. ಅವಳು ಕಣ್ತಪ್ಪಿಸಿ ಹೊರಗೆ ಹೋಗಿ ಬಸ್ ಡಿಪೋದಲ್ಲಿ ಸಿಕ್ಕಿದ ಮಾರನೆಯ ದಿನವೇ ಕೂತು ಮಾಡಿದ್ದು. ಒಂದು ಕೈಯಲ್ಲಿ ಚೌಕಟ್ಟಿನ ಹಿತ್ತಾಳೆ ಗುಂಡಿ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಚಿಲಕ ಎಳೆಯಬೇಕು. ಎರಡು ಕೆಲಸ ಒಟ್ಟಿಗೆ ಅವಳಿಂದ ಆಗುವುದಿಲ್ಲವೆಂದು ನೋಡಿಯೇ ಹಾಗೆ ಮಾಡಿದ್ದ. ಹೊರಗಿನಿಂದ ಅದಕ್ಕೆ ಕೀಲಿಯೇ ಇರಲಿಲ್ಲ. "ನಿಮಗೇ ಏನಾದ್ರೂ ಆದ್ರೆ ತಾತ?" ಎಂದು ಹುಡುಗಿ ಕೇಳಿದಾಗ, "ನಂಗೇನಾಗತ್ತೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದಿದ್ದ. ಮೊದಲ ಸಲ ಅವಳು ಚಿಲಕ ಜಗ್ಗಿ ಜಗ್ಗಿ ಸೋತು ಕೂತಾಗ ಅವನಿಗೆ ಖುಷಿಯಾಗಿತ್ತು. ಈಗ ಅದನ್ನು ನೆನೆದು ಹೇಸಿಗೆಯಾಯಿತು.

ಬಾಗಿಲು ಬಡಿದ ಸದ್ದಾಯಿತು. "ತಾತ, ನಾನು!"

"ಬೆಲ್ ಒತ್ತಬೇಡ!" ಮೇಸ್ತ್ರಿ ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ. "ಗ್ಯಾಸ್ ಸೋರ್ತಿದೆ! ಕಿಡಿ ಹಾರಿದ್ರೆ ಮುಗೀತು! ನಾನು ಬಿದ್ದಿದ್ದೀನಿ, ಏಳೋಕಾಗ್ತಿಲ್ಲ!"

ಹೊರಗೆ ಮೆಟ್ಟಿಲಿಳಿದ ಸದ್ದು, ಕೆಳಗೆಲ್ಲೋ ಫೋನಿನಲ್ಲಿ ಗಾಬರಿಯ ಮಾತು, ಮತ್ತೆ ಮೆಟ್ಟಿಲು ಹತ್ತಿದ ಸದ್ದು. "ಫೈರ್ ಎಂಜಿನ್‌ಗೂ ಆಂಬುಲೆನ್ಸಿಗೂ ಹೇಳಿದೆ ತಾತ. ದಾರೀಲಿ ಟ್ರಾಫಿಕ್ಕಂತೆ. ಅಜ್ಜೀನ ಒಲೆ ಹತ್ರ, ಸ್ವಿಚ್ ಹತ್ರ ಹೋಗೋಕೆ ಬಿಡಬೇಡಿ!"

ಸ್ವಿಚ್ ಎಂದದ್ದೇ ಅವನು ನಡುಮನೆಯ ಕಿಟಕಿಯ ಗಾಜಿನ ಕಡೆ ನೋಡಿದ. ಹೊರಗೆ ಬಿಸಿಲು ಇಳಿಯುತ್ತಿತ್ತು. ಈ ಹೊತ್ತಿಗೆ ಅವಳು ಕೋಣೆ ಕೋಣೆಗೆ ಹೋಗಿ ದೀಪ ಹಾಕುತ್ತಾಳೆ. ಅಂಗಡಿಯಿಂದ ಬರುವ ಗಂಡನಿಗೆ ಮನೆ ಕತ್ತಲಾಗಿ ಕಾಣಬಾರದು ಅವಳಿಗೆ.

ಹೌದು, ಅವಳು ಆಗಲೇ ಗೋಡೆಯ ಕಡೆ ತಿರುಗಿದ್ದಳು. "ಕತ್ತಲಾಗ್ತಾ ಬಂತು. ಇವರು ಬರೋ ಹೊತ್ತಾಯ್ತು."

"ಬೇಡ! ದೀಪ ಹಾಕ್ಬೇಡ ಕಣೇ! ನನ್ನ ಮಾತು ಕೇಳು!"

ಅವಳು ಅವನನ್ನು ದುರುಗುಟ್ಟಿ ನೋಡಿದಳು. "ನನ್ನ ಮನೇಲಿ ದೀಪ ಹಾಕೋಕೆ ನಿನ್ನಪ್ಪಣೆ ಬೇಕಾ? ಹಾಕ್ತೀನಿ, ಏನೀವಾಗ?" ಅವಳ ಬೆರಳು ಸ್ವಿಚ್ಚಿನ ಮೇಲೆ ಕೂತಿತು.

ಮೇಸ್ತ್ರಿಗೆ ಯೋಚಿಸಲು ಪುರಸೊತ್ತಿರಲಿಲ್ಲ. "ಹಾಕು ಹಾಗಾದ್ರೆ!" ಎಂದ. "ಬೇಗ ಹಾಕು. ಬೆಳಕಿಲ್ಲದೆ ನಾನು ಬೀರು ಹುಡುಕೋದು ಹೇಗೆ?"

ಬೆರಳು ನಿಂತಿತು.

"ಅಂದ್ರೆ, ನೀನು ಕಳ್ಳ."

ಅವನು ಬಾಯಿ ತೆರೆದ. ಇಷ್ಟು ದಿನ ಜಗಳವಾಡಿದ್ದೆಲ್ಲ ಇದೊಂದು ಮಾತಿಗೇ. ಗ್ಯಾಸಿನ ವಾಸನೆಗೆ ತಲೆ ಸುತ್ತುತ್ತಿತ್ತು.

"ಹೌದು," ಎಂದ. "ನಾನು ಕಳ್ಳ."

"ನೋಡಿದ್ಯಾ! ನಾನು ಬಾಯಿ ಬಡ್ಕೊಂಡೆ, ಯಾರೂ ನಂಬ್ಲಿಲ್ಲ." ಅವಳ ಮುಖದಲ್ಲಿ ಹೆದರಿಕೆಯ ಜೊತೆಗೆ ಒಂದು ಸಮಾಧಾನವೂ ಬಂತು. ಸ್ವಿಚ್ಚಿನಿಂದ ಕೈ ತೆಗೆದಳು. "ಬೆಳಕು ಬೇಕಂತೆ. ಹಾಕಲ್ಲ, ಹೋಗು."

"ಆಯ್ತು ತಾಯಿ. ಆದ್ರೆ ಒಂದು ಉಪಕಾರ ಮಾಡು. ಹೊರಗೆ ಬಂದಿರೋಳು ನನ್ನ ಹಿಡಿಯೋಕೆ ಬಂದಿದಾಳೆ. ಕೈ ಮುಗೀತೀನಿ, ಬಾಗಿಲು ಮಾತ್ರ ತೆಗೀಬೇಡ!"

ಹೊರಗಿದ್ದ ಹುಡುಗಿ ಚುರುಕು. "ಅಮ್ಮಾ! ಕಳ್ಳನ್ನ ಹಿಡಿಯೋಕೆ ಬಂದಿದ್ದೀನಿ! ಬಾಗಿಲು ತೆಗೀರಿ!" ಎಂದು ಕೂಗಿದಳು.

ಹೆಂಡತಿ ಬಾಗಿಲ ಬಳಿಗೆ ಹೋಗಿ ಎರಡು ಕೈಯಲ್ಲೂ ಚಿಲಕ ಹಿಡಿದು ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ಅವಳ ಹೆಗಲು ಸೋಲುತ್ತಿರುವುದು ಅವನಿಗೆ ಕಂಡಿತು. ಇನ್ನೊಂದು ಗಳಿಗೆ ಬಿಟ್ಟರೆ ಬಂದದ್ದೇ ಮರೆತು ಹಿಂತಿರುಗುತ್ತಾಳೆ.

"ಎಳಿ, ಎಷ್ಟಾದ್ರೂ ಎಳಿ!" ಎಂದ. ದನಿ ನಡುಗದಂತೆ ನೋಡಿಕೊಂಡ. "ಪಕ್ಕದಲ್ಲಿರೋ ಹಿತ್ತಾಳೆ ಗುಂಡಿ ಮಾತ್ರ ಮುಟ್ಟಬೇಡ!"

ಅವಳು ಗುಂಡಿ ಹುಡುಕಿ ಮುಟ್ಟಿದಳು.

"ಅಯ್ಯೋ, ಒತ್ತಬೇಡ! ಒತ್ತಿದ್ರೆ ನಾನು ಕೆಟ್ಟೆ!"

ಒತ್ತಿದಳು. ಒತ್ತಿ, ಬಿಟ್ಟು, ಮತ್ತೆ ಚಿಲಕಕ್ಕೆ ಕೈ ಹಾಕಿದಳು. ಚಿಲಕ ಅಲುಗಲಿಲ್ಲ. ಅವನಿಗೆ ಕೆಮ್ಮು ಬಂತು. ಕೆಮ್ಮಿನ ನಡುವೆಯೇ ಕೂಗಿದ, "ಆ ಗುಂಡಿ ಮೇಲಿಂದ ಕೈ ತೆಗಿ! ತೆಗಿ ಅಂದ್ನಲ್ಲ! ತೆಗೀದಿದ್ರೆ ಎದ್ದು ಬರ್ತೀನಿ ನೋಡು!"

ಅವಳು ಹಿಂತಿರುಗಿ ನೋಡಿದಳು. ಕಣ್ಣಲ್ಲಿ ನಿಜವಾದ ಭಯ. ಆ ನೋಟ ತನಗೆಂದು ಬಂದದ್ದು ಅವನನ್ನು ಸೊಂಟದ ನೋವಿಗಿಂತ ಹೆಚ್ಚು ನೋಯಿಸಿತು. ಅವಳು ಅಂಗೈಯನ್ನು ಗುಂಡಿಯ ಮೇಲೆ ಪೂರ್ತಿ ಊರಿ ನಿಂತಳು, ತೆಗೆಯಲಿಲ್ಲ.

"ಚಿಲಕ ಎಳೀಬೇಡ!" ಎಂದು ಅವನು ಗದರಿದ. ಬದುಕಿನಲ್ಲಿ ಅವಳನ್ನು ಹಾಗೆ ಎಂದೂ ಗದರಿರಲಿಲ್ಲ.

ಚಿಲಕ ಸರಿಯಿತು. ಹೊರಗಿನಿಂದ ಹುಡುಗಿ ತಳ್ಳಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು. ಹೆಂಡತಿ ಅವಳ ತೋಳಿಗೆ ಬಿದ್ದು, "ಒಳಗಿದಾನೆ, ಬಚ್ಚಲಲ್ಲಿ," ಎಂದಳು. ಹುಡುಗಿ ಅವಳನ್ನು ಮೊದಲು ಮೆಟ್ಟಿಲ ಕಡೆಗೆ ಬಿಟ್ಟು, ಮೂಗಿಗೆ ಕರ್ಚೀಫು ಒತ್ತಿಕೊಂಡು ಒಳಗೋಡಿ ಸಿಲಿಂಡರು ಬಂದ್ ಮಾಡಿದಳು. ಆಮೇಲೆ ಮೇಸ್ತ್ರಿಯ ಪಕ್ಕ ಕೂತು, "ಆಯ್ತು ತಾತ, ಆಯ್ತು," ಎನ್ನುತ್ತ ಅತ್ತಳು. ಅವನಿಗೆ ಅಳು ಬರಲಿಲ್ಲ. ಅವನು ಬಾಗಿಲನ್ನೇ ನೋಡುತ್ತಿದ್ದ.

ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಅವನನ್ನು ಹೊರಗೆ ತಂದಾಗ ಹೆಂಡತಿ ಪಕ್ಕದ ಮನೆಯವರು ಕೊಟ್ಟ ಕುರ್ಚಿಯಲ್ಲಿ ಕೂತಿದ್ದಳು. ಎದ್ದು ಬಂದು ಅಡ್ಡ ನಿಂತಳು. ಭಯವೆಲ್ಲ ಇಳಿದುಹೋಗಿತ್ತು.

"ಹೊಡೀಬೇಡಿ ಇವನಿಗೆ," ಎಂದಳು ಆಂಬುಲೆನ್ಸಿನವರಿಗೆ. "ವಯಸ್ಸಾಗಿದೆ, ಪಾಪ." ಆಮೇಲೆ ಬಗ್ಗಿ ಅವನನ್ನೇ ಕೇಳಿದಳು, "ಮನೇಲಿ ಯಾರಿದಾರೆ ನಿಂಗೆ?"

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಮೇಸ್ತ್ರಿ ಬೇಡವೆಂದು ತಲೆಯಾಡಿಸಿದ.

"ಹೆಂಡ್ತಿ ಇದಾಳೆ."

"ಒಳ್ಳೆಯವಳಾ?"

"ತುಂಬಾ."

"ಮತ್ತೆ ಯಾಕಪ್ಪ ನಿಂಗೆ ಈ ಕೆಲಸ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಹೊದಿಕೆಯಿಂದ ಹೊರಗೆ ಉಳಿದಿದ್ದ ಅವನ ಒದ್ದೆ ಪಾದವನ್ನು ಕಂಡು, ಸ್ವೆಟರಿನ ತುದಿಯಿಂದ ಒರೆಸಿ, ಹೊದಿಕೆ ಎಳೆದು ಮುಚ್ಚಿ, ದಾರಿ ಬಿಟ್ಟಳು.