ಹಿಟ್ಟಿನ ಪೆಟ್ಟಿಗೆಯ ಮೂವತ್ತು ದಿನ

ದೆಹಲಿಯ ಜನವರಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಆದರೆ ಏಕನಾಥ ಎಂಜಿನಿಯರ್. ೨೦೦೬ರಲ್ಲಿ ನೋಯ್ಡಾದ ಕೆಲಸ ಬಿಟ್ಟು, ಇಂದಿರಾಪುರಂ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿಡುವ ಕರೆಂಟಿನ ಪೆಟ್ಟಿಗೆ ಮಾಡಿದ. ನಾನು ಪಾಲುದಾರ. ನನ್ನ ಪಾಲಿಗೆ ಬಂದದ್ದು ಬೈಯುವ ಕೆಲಸ.

ಪೆಟ್ಟಿಗೆಯ ಹೊರಮೈಗೆ ಉಕ್ಕಿನ ಅಚ್ಚು ಕೊರೆಸಬೇಕಿತ್ತು. ಒಮ್ಮೆ ಕೊರೆದ ಮೇಲೆ ತಪ್ಪು ಕಂಡರೆ ಆ ತಪ್ಪೇ ಸಾವಿರ ಪೆಟ್ಟಿಗೆಯಾಗಿ ಹೊರಬರುತ್ತದೆ. ಏಕನಾಥನ ಉಳಿತಾಯ ಒಂದು ಅಚ್ಚಿಗೆ ಸಾಕಿತ್ತು, ಎರಡಕ್ಕಲ್ಲ. ಅದಕ್ಕೇ ನಾನು ಹಟ ಹಿಡಿದೆ: ಮೊದಲು ಮೂವತ್ತು ದಿನ ಯಾರದಾದರೂ ಅಡುಗೆಮನೆಯಲ್ಲಿ ಓಡಲಿ.

ಪೀತಮ್‌ಪುರದಲ್ಲಿ ಹೋಟೆಲ್ ಇಟ್ಟಿದ್ದ ಕುಂದಾಪುರದ ಲೋಲಾಕ್ಷಿ ಒಪ್ಪಿಕೊಂಡರು. ಏಕನಾಥ ದಿನಾ ಬೆಳಿಗ್ಗೆ ಫೋನ್ ಮಾಡಿ ಹಿಟ್ಟು ಉಬ್ಬಿತಾ ಎಂದು ಕೇಳುತ್ತಿದ್ದ, ಅವರು ಉಬ್ಬಿದೆ ಎನ್ನುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಮೂವತ್ತು ದಿನಕ್ಕೆ ಮೂವತ್ತು ಟಿಕ್ ಬಿದ್ದವು.

ಮೂವತ್ತೊಂದನೆಯ ದಿನ ಫರೀದಾಬಾದಿಗೆ ಹೋಗಿ ಅಚ್ಚಿನವನ ಕಾಗದಕ್ಕೆ ಸಹಿ ಹಾಕುವುದಿತ್ತು. ಅದಕ್ಕೂ ಮೊದಲು ಲೋಲಾಕ್ಷಿಯವರಿಗೆ ಸ್ವೀಟು ಕೊಟ್ಟುಬರೋಣ ಎಂದ ಏಕನಾಥ. ದಾರಿ ಪೂರ್ತಿ ಉಲ್ಟಾ. ಬೈದೆ, ಬೈಯುತ್ತಲೇ ಹೋದೆ.

ಅಡುಗೆಮನೆಯ ಅಟ್ಟದ ಮೇಲೆ ನಮ್ಮ ಪೆಟ್ಟಿಗೆ ಮೈ ಒರೆಸಿಸಿಕೊಂಡು, ಕುಂಕುಮ ಇಟ್ಟುಕೊಂಡು ಕೂತಿತ್ತು. ಒಳಗೆ ಒಣಮೆಣಸಿನಕಾಯಿ ತುಂಬಿತ್ತು. ಹಿಟ್ಟಿನ ಪಾತ್ರೆ ಕೆಳಗೆ, ಒಲೆಯ ಪಕ್ಕ, ಹಳೆಯ ರಜಾಯಿ ಹೊದ್ದುಕೊಂಡು ಕೂತಿತ್ತು.

ಏಕನಾಥನ ಕೈಯಲ್ಲಿ ಸ್ವೀಟಿನ ಡಬ್ಬ ಹಾಗೇ ಉಳಿಯಿತು.

ಲೋಲಾಕ್ಷಿ ತಲೆ ತಗ್ಗಿಸಿದರು. ಇಲ್ಲಿ ರಾತ್ರಿ ನಾಲ್ಕು ತಾಸು ಕರೆಂಟು ಇರುವುದಿಲ್ಲವಂತೆ. ಮೊದಲ ದಿನವೇ ಪೆಟ್ಟಿಗೆ ಆರಿ, ಹಿಟ್ಟು ಉಬ್ಬದೆ ಇಡ್ಲಿ ಕಲ್ಲಾಗಿತ್ತಂತೆ.

"ಮತ್ತೆ ದಿನಾ ಉಬ್ಬಿದೆ ಅಂದ್ರಲ್ಲ ಅಕ್ಕ?" ಎಂದೆ ನಾನು.

"ನೀವು ಕೇಳಿದ್ದು ಹಿಟ್ಟಿನ ವಿಷಯ. ಅದು ಉಬ್ಬಿತ್ತು. ಪೆಟ್ಟಿಗೆ ಹೇಗಿದೆ ಅಂತ ಒಂದು ದಿನವೂ ಕೇಳಲಿಲ್ಲ. ನಮ್ಮೂರ ಕಡೆಯ ಹುಡುಗ, ಇದ್ದ ಕೆಲಸ ಬಿಟ್ಟು ಮಾಡಿದ್ದು. ಆಗ್ಲಿಲ್ಲ ಅಂತ ನಾನಾಗಿ ಹೇಳೋದು ಹೇಗೆ?"

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ಇಲ್ಲಿ ಹೆರಿಗೆ ಫರೀದಾಬಾದಿನಲ್ಲಿ ಆಗುವುದಿತ್ತು. ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಮೂವತ್ತು ದಿನ ಎಂದು ಹಟ ಹಿಡಿದ ನಾನೂ ಒಂದು ಸಲ ಇಲ್ಲಿಗೆ ಬಂದು ನೋಡಿರಲಿಲ್ಲ. ಹೊರಗೆ ಹೋಗಿ ಅಚ್ಚಿನವನಿಗೆ ಫೋನ್ ಮಾಡಿ, ಭಯ್ಯಾ, ಇವತ್ತು ಬರುವುದಿಲ್ಲ ಎಂದೆ.

ಒಳಗೆ ಬಂದಾಗ ಏಕನಾಥ ನೆಲದ ಮೇಲೆ ಕೂತು ರಜಾಯಿಯ ದಪ್ಪ ಅಳೆಯುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು. ಸಹಿಗೆಂದು ತಂದ ಹೊಸ ಪೆನ್ನು ತೆಗೆದು, ಖಾಲಿ ಹಾಳೆಯ ಮೇಲೆ ಒಂದನೇ ದಿನ ಎಂದು ಬರೆದ.

"ಪೆಟ್ಟಿಗೆ ಹೇಗಿದೆ ಅಕ್ಕ?"

ಲೋಲಾಕ್ಷಿ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಮಣೆ ಎಳೆದು ಕೂತರು.

"ಬೇಜಾರು ಮಾಡ್ಕೊಳ್ಳಬಾರದು. ಮುಚ್ಚಳದಿಂದ ಶುರು ಮಾಡ್ಲಾ?"