ಜೌಗಿನ ನೀರು ಅಲ್ಲೇ ನಿಲ್ಲಲಿ

ದೇಶ ಬಿಟ್ಟು ಸಮರ್‌ಸೆಟ್‌ಗೆ ಬಂದು ನೆಲೆಸಿದ ಜಯತೀರ್ಥ ಅವರ ಮನೆಯಲ್ಲಿ ಅಕ್ಟೋಬರ್ ಬಂತೆಂದರೆ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿಹಣ್ಣಿನ ಗೊಜ್ಜು. ಒಳ್ಳೆಯ ಹುಣಸೆಹಣ್ಣು ಸಿಗದಿದ್ದ ಕಾಲದಲ್ಲಿ ಅವರ ಪತ್ನಿ ಅಲಮೇಲು ಕಂಡುಕೊಂಡ ಅಡುಗೆ ಅದು. ಹಣ್ಣು ಮಾತ್ರ ಅಂಗಡಿಯದಾಗಬಾರದು. ದಕ್ಷಿಣಕ್ಕೆ ಒಂದು ಗಂಟೆ ಡ್ರೈವ್ ಮಾಡಿ, ಪೈನ್ ಕಾಡಿನ ನಡುವೆ ಜೌಗು ನೆಲದಲ್ಲಿ ಪಾಳುಬಿದ್ದ ಹಳೆಯ ತೋಟದಲ್ಲಿ ಕೈಯಾರೆ ಬಿಡಿಸಿ ತರಬೇಕು. ಮಗ ಮಿಹಿರ್ ಚಿಕ್ಕವನಿದ್ದಾಗ ಶುರುವಾದ ರೂಢಿ. ಈಗ ಅವನಿಗೇ ಮಕ್ಕಳಿದ್ದಾರೆ.

ಆ ತೋಟವನ್ನು ಸರ್ಕಾರ ಕೊಂಡಿತ್ತು. ಹಿಂದಿನ ರೈತರು ನೀರು ಹೊರಹಾಕಲು ತೋಡಿದ್ದ ಕಾಲುವೆಗಳನ್ನು ಸಾರ್ವಜನಿಕ ಹಣದಲ್ಲಿ ಮುಚ್ಚಿ, ಜೌಗನ್ನು ಮತ್ತೆ ತೇವಗೊಳಿಸುವ ಯೋಜನೆ ಸಿದ್ಧವಾಗಿತ್ತು. ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಜಯತೀರ್ಥ ವಿರೋಧಿಸಿ ಮಾತನಾಡುವುದಾಗಿ ಹೆಸರು ಕೊಟ್ಟಿದ್ದರು. ನೀರು ಏರಿದರೆ ಕಾಲುವೆಯ ದಂಡೆ ಮುಳುಗುತ್ತದೆ. ಅಲಮೇಲು ಅವರ ಮಂಡಿನೋವಿಗೆ ಒಗ್ಗುವ ಸಮತಟ್ಟಾದ ದಾರಿ ಅಲ್ಲಿ ಅದೊಂದೇ.

"ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಕೆಸರು ಮಾಡ್ತೀರಂತಲ್ಲಮ್ಮ," ಎಂದು ಜಯತೀರ್ಥ ಪಕ್ಕದ ಮನೆಯ ಆಯೇಷಾಳನ್ನು ಕೆಣಕಿದರು. ಅವಳು ಆ ಯೋಜನೆಯಲ್ಲೇ ಕೆಲಸ ಮಾಡುವ ವಿಜ್ಞಾನಿ. ಹುಟ್ಟಿದ್ದು ಇಲ್ಲಿ, ಮಾತು ಅಜ್ಜಿಯಿಂದ ಬಂದ ಧಾರವಾಡದ್ದು.

"ಸಭೆಕಿಂತ ಮೊದ್ಲು ಒಮ್ಮೆ ಕೂಡಿ ಹೋಗಿ ನೋಡೂಣಲ್ರೀ, ಅಂಕಲ್," ಎಂದಳು.

ಶನಿವಾರ ಅಲಮೇಲು ಸೇರಿ ಮೂವರೂ ಹೋದರು. ಬುಟ್ಟಿ ತುಂಬುತ್ತಿದ್ದ ಜಾಗದಲ್ಲಿ ಒಂದು ಹಿಡಿ ಹಣ್ಣು ಸಿಕ್ಕಿತು. ಬಳ್ಳಿಯ ಜಾಗದಲ್ಲಿ ಪೈನ್ ಸಸಿಗಳೆದ್ದಿದ್ದವು. ಒಂದು ಕಾಲಕ್ಕೆ ಸ್ಪಂಜಿನಂತೆ ಕುಸಿಯುತ್ತಿದ್ದ ನೆಲ ಈಗ ಕಾಲಡಿಯಲ್ಲಿ ಪುಡಿಯಾಗುತ್ತಿತ್ತು.

ಜಯತೀರ್ಥ ಪ್ರತಿ ವರ್ಷದಂತೆ ಕೈಯ ಕೋಲನ್ನು ಕಾಲುವೆಗೆ ಇಳಿಸಿ, ಅಡ್ಡ ಸಿಕ್ಕಿದ್ದ ಕೊಂಬೆಯನ್ನು ಎಳೆದು ಹಾಕಿದರು. ಕಟ್ಟಿಕೊಂಡಿದ್ದ ನೀರು ಸರ್ರನೆ ಹರಿಯಿತು. ನಿಂತ ನೀರು ಸೊಳ್ಳೆಯ ತವರೆಂದು ಮೈಸೂರಿನ ಶಾಲೆಯಲ್ಲಿ ಕಲಿತದ್ದನ್ನು ಅವರು ಎಲ್ಲಿಯೂ ಬಿಟ್ಟವರಲ್ಲ.

"ಇದು ಗಟಾರ ಅಲ್ರೀ ಅಂಕಲ್," ಎಂದಳು ಆಯೇಷಾ. "ನೀರು ನಿಂತ್ರನ ಇದಕ್ಕ ಜೀವ."

ಕಾಲಡಿಯ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆಂದು ಅವಳು ವಿವರಿಸಿದಳು. ಪಾಚಿ, ಬೇರು, ಎಲೆಗಳು ನೀರಿನಡಿ ಪೂರ್ತಿ ಕೊಳೆಯದೆ ಪದರಗಟ್ಟಿದ್ದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಒಂದು ಮೀಟರಿಗೆ ಸಾವಿರ ವರ್ಷ ಬೇಕು. ಭೂಮಿಯ ನೆಲದಲ್ಲಿ ಇಂಥ ಜೌಗು ನೂರಕ್ಕೆ ಮೂರು ಪಾಲು ಮಾತ್ರ, ಆದರೂ ಲೋಕದ ಎಲ್ಲ ಕಾಡುಮರಗಳಿಗಿಂತ ಹೆಚ್ಚು ಇಂಗಾಲ ಅದರೊಳಗಿದೆ. ನೀರು ಬತ್ತಿದರೆ ಪೀಟ್ ಕೊಳೆತು ಆ ಇಂಗಾಲ ಗಾಳಿಗೆ ಸೇರುತ್ತದೆ. ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಉರಿಯಬಲ್ಲದು.

"ಸೊಳ್ಳೆ?" ಎಂದರು ಜಯತೀರ್ಥ.

"ಇರೂದೇ ಇಲ್ಲ ಅಂತ ನಾ ಹೇಳಂಗಿಲ್ರೀ. ಆದ್ರ ಇಲ್ಲಿ ಸುತ್ತ ಮನೀನೂ ಇಲ್ಲ. ನಿಮಗ ದಾರಿ ಬೇಕಂದ್ರ ಹಲಗಿ ಹಾಸ್ರಿ ಅಂತ ಸಭೆಯಾಗ ಕೇಳ್ರಿ. ಯಾರೂ ಕೇಳ್ಲಿಲ್ಲಂದ್ರ ಅದು ಪ್ಲಾನ್‌ನಾಗ ಬರೂದಿಲ್ಲ."

ಅಲಮೇಲು ಅಷ್ಟು ಹೊತ್ತೂ ಬೇರೇನನ್ನೋ ನೋಡುತ್ತಿದ್ದರು. "ರೀ, ಮಿಹಿರ್ ಟೋಪಿ ಬಿದ್ದಿದ್ದು ಇಲ್ಲೇ ಅಲ್ವಾ?"

ಅವರೇ ಹೆಣೆದ ಉಣ್ಣೆಯ ಟೋಪಿ. ಆಗ ಇಲ್ಲಿ ಮೊಣಕಾಲುದ್ದ ಕೆಸರಿತ್ತು, ಟೋಪಿ ಕಣ್ಣೆದುರೇ ಮುಳುಗಿತು. ಮಗು ಟರ್ನ್‌ಪೈಕ್ ಹೆದ್ದಾರಿ ಸೇರುವ ತನಕ ಅತ್ತಿತ್ತು.

"ನೀರಾಗ ಇದ್ರ ಇನ್ನೂ ಇರಬಹುದ್ರೀ, ಆಂಟಿ," ಎಂದಳು ಆಯೇಷಾ. "ಜೌಗಿನ ನೀರಾಗ ಉಣ್ಣಿ ಟೋಪಿ ಭಾಳ ವರ್ಷ ಉಳೀತದ. ಒಣಗಿದ್ರ ಹೋಗ್ತದ."

ಜಯತೀರ್ಥ ಬಗ್ಗಿ, ತಾವು ಎಳೆದು ಹಾಕಿದ್ದ ಕೊಂಬೆಯನ್ನೆತ್ತಿ, ಇದ್ದ ಜಾಗದಲ್ಲೇ ಅಡ್ಡವಿಟ್ಟರು. ಸಭೆಯಲ್ಲಿ ಅವರು ಯೋಜನೆ ಬೇಕೆಂದರು, ಮಂಡಿನೋವಿನವರಿಗೆ ಹಲಗೆಯ ದಾರಿಯೂ ಬೇಕೆಂದರು. ಎರಡನ್ನೂ ಅಧಿಕಾರಿಗಳು ಬರೆದುಕೊಂಡರು.

ಓದುಗರೇ, ನಿಮ್ಮ ಸುತ್ತಲೂ ಇಂಥ ಜೌಗು ಇರಬಹುದು. ಅದರ ಬಗ್ಗೆ ಸಭೆ ನಡೆದರೆ ಹೋಗಿ, ಹೋಗಲಾಗದಿದ್ದರೆ ಬರೆದು ಕಳಿಸಿ. ಅಲ್ಲಿ ತಡೆದು ನಿಂತ ನೀರನ್ನು ಹರಿಯಬಿಡಬೇಡಿ. ಕರಿಬೇವಿನ ಕುಂಡಕ್ಕೆ ಮಣ್ಣು ಕೊಳ್ಳುವಾಗ ಚೀಲದ ಮೇಲಿನ ಬರಹ ಓದಿ, ಪೀಟ್ ಇಲ್ಲದ್ದನ್ನು ಆರಿಸಿ; ಪೀಟ್ ಬರುವುದು ಇಂಥ ಜೌಗನ್ನು ಅಗೆದೇ. ಮಕ್ಕಳನ್ನು ಒಮ್ಮೆ ಜೌಗು ನೋಡಲು ಕರೆದೊಯ್ಯಿರಿ.

ಟೋಪಿ ಮಾತ್ರ ಗಟ್ಟಿಯಾಗಿ ಕಟ್ಟಿ.