ಲಾಡಬಿಯ ಗಡ್ಡೆಗೆ ದುರ್ಬೀನ ಯಾಕೆ ಆಗಲಿಲ್ಲ

ಗೋವಾದ ನಮ್ಮ ಝುವಾರಿನಗರದಲ್ಲಿ ಒಬ್ಬರ ಹೊಟ್ಟೆಗೆ ಆಪರೇಶನ್ ಆದರೆ ಓಣಿಗೆ ಓಣಿಯೇ ಡಾಕ್ಟರಾಗಿಬಿಡುತ್ತದೆ. ನಾನು ಹುಲಿಗೆಮ್ಮ, ಆರೋಗ್ಯ ಕೇಂದ್ರದಿಂದ ಮನೆಮನೆಗೆ ಹೋಗುವವಳು. ಹನ್ನೊಂದು ವರ್ಷದಿಂದ ಈ ಪುಕ್ಕಟೆ ಡಾಕ್ಟರುಗಳ ಜೊತೆ ಜಗಳಾಡಿ ನನ್ನ ಗಂಟಲು ಹೋಗಿದೆ.

ನಮ್ಮ ಓಣಿಯ ಲಾಡಬಿಗೆ ಲಿವರಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಹೊಟ್ಟೆ ತೆರೆದು, ಗಡ್ಡೆ ಇರುವಷ್ಟು ಲಿವರನ್ನು ಕೊಯ್ದು ತೆಗೆಯಬೇಕು, ತಡ ಮಾಡಬೇಡಿ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಲಾಡಬಿ ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟಳು.

ಕಾರಣವಿತ್ತು. ಅವಳ ಮಗಳು ಅಸ್ಮಾಗೆ, ಮದುವೆಯಾಗಿ ಎಂಟು ವರ್ಷಕ್ಕೆ, ದಿನ ತುಂಬುತ್ತಿತ್ತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆಯಬೇಕು. ಲಾಡಬಿಗೆ ಇದೊಂದೇ ಆಸೆ. ಓಣಿಯ ಎಷ್ಟೋ ಕೂಸುಗಳಿಗೆ ಎರೆದವಳು, ಸ್ವಂತ ಮೊಮ್ಮಗುವಿಗಾಗಿ ಕಾದು ಕಾದು ಸೋತಿದ್ದಳು.

"ನಲವತ್ತು ದಿನದ ಬಾಣಂತನ ಮುಗೀಲಿ ತಂಗಿ. ಆಮ್ಯಾಲೆ ಬೇಕಾದಂಗ ಕೊಯ್ಲಿ," ಎಂದಳು.

"ಅಲ್ಲೀತನಕ ಗಡ್ಡಿ ಸುಮ್ನ ಕುಂತಿರತದೇನ್ರಿ ಅಕ್ಕಾ?"

"ಹಂಗಾದ್ರ ಹೊಟ್ಟ್ಯಾಗ ದುರ್ಬೀನ ಹಾಕಿ ಮಾಡಲಿ. ಬಾಜೂ ಮನಿ ಯಲ್ಲವ್ವಗ ಪಿತ್ತದ ಕಲ್ಲು ತಗದ್ರಲ್ಲ, ನಾಕ ತೂತು ಅಷ್ಟ. ಹದಿನೈದು ದಿನಕ್ಕ ಎದ್ದು ಓಡಾಡಿದ್ಲು. ನಮ್ಮಂಥ ಬಡವರಿಗೆ ಉದ್ದಕ ಕೊಯ್ತಾರ, ಸಾವುಕಾರ ಮಂದಿಗೆ ದುರ್ಬೀನ. ನನಗ ಗೊತ್ತಿಲ್ಲೇನು?"

"ಡಾಕ್ಟರನ್ನ ಕೇಳಿದ್ರೇನು?"

"ದೊಡ್ಡವರನ್ನ ಹೆಂಗ ಕೇಳೂದು ತಂಗಿ?"

ನನಗೆ ಸಿಟ್ಟು ನೆತ್ತಿಗೇರಿತು. ಊರೆಲ್ಲ ಕೇಳುತ್ತೇವೆ, ಕೇಳಬೇಕಾದವರನ್ನು ಮಾತ್ರ ಕೇಳುವುದಿಲ್ಲ. ಮರುದಿನವೇ ಅವಳನ್ನೂ ಗಂಡ ಚಮನಸಾಬನನ್ನೂ ಬಸ್ಸು ಹತ್ತಿಸಿಕೊಂಡು ಹೋದೆ.

"ಇವರಿಗೆ ದುರ್ಬೀನ ಯಾಕಾಗಂಗಿಲ್ರಿ ಸರ್?" ಎಂದು ನಾನೇ ಕೇಳಿದೆ.

ಡಾಕ್ಟರ್ ಸಿಟ್ಟಾಗಲಿಲ್ಲ. ಸ್ಕ್ಯಾನ್ ತೋರಿಸಿ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಗಡ್ಡೆ ಸಣ್ಣದಾಗಿ ಲಿವರಿನ ಅಂಚಿನಲ್ಲಿದ್ದರೆ ಎಷ್ಟೋ ಸಲ ಸಣ್ಣ ತೂತಿನಿಂದ ದುರ್ಬೀನ, ಅಂದರೆ ಕ್ಯಾಮೆರಾ ಕೊಳವೆ, ಇಳಿಸಿ ತೆಗೆದರೆ ಸಾಕು. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಲಾಡಬಿಯ ಗಡ್ಡೆ ಒಳಗಿದೆ, ದೊಡ್ಡ ರಕ್ತನಾಳಕ್ಕೆ ಒತ್ತಿಕೊಂಡಿದೆ. ರಕ್ತ ಹರಿದರೆ ತಕ್ಷಣ ಕೈಹಾಕಿ ಹಿಡಿಯಬೇಕು, ಅದಕ್ಕೇ ಹೊಟ್ಟೆ ತೆರೆಯುವುದು. ಕೆಲವೊಮ್ಮೆ ದುರ್ಬೀನದಲ್ಲಿ ಶುರು ಮಾಡಿದ್ದನ್ನೂ ಹೊಟ್ಟೆ ತೆರೆದೇ ಮುಗಿಸಬೇಕಾಗುತ್ತದೆ. ಅದು ಯಾರ ತಪ್ಪೂ ಅಲ್ಲ.

ಆಮೇಲೆ ಜನರಲ್ ವಾರ್ಡಿನಲ್ಲಿ ಮಲಗಿದ್ದ ಮಾಂತೇಶನ ಹತ್ತಿರ ಕರೆದೊಯ್ದರು. ಡಿಚೋಲಿಯಲ್ಲಿ ಗಣಿ ಲಾರಿ ಓಡಿಸುವವ. ಅವನಿಗೂ ಲಿವರಿನ ಗಡ್ಡೆ, ದುರ್ಬೀನದಲ್ಲೇ ತೆಗೆದಿದ್ದರು.

"ನಂದು ಅಂಚಿನಾಗಿತ್ತಂತ್ರೀ," ಎಂದು ಅವನು ಹೊಟ್ಟೆಯ ಮೇಲಿನ ಸಣ್ಣ ಪಟ್ಟಿಗಳನ್ನು ತೋರಿಸಿದ. "ನಾ ಎಲ್ಲಿ ಸಾವುಕಾರ್ರಿ?"

ಲಾಡಬಿ ಡಾಕ್ಟರ ಕಡೆ ತಿರುಗಿದಳು. "ಕೂಸಿಗೆ ಎರಿಯಾಕ ಆಗೂದ ಇಲ್ಲೇನ್ರಿ?"

"ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು," ಎಂದರು ಅವರು.

ಅವಳು ಅಲ್ಲೇ ಅತ್ತಳು. ಚಮನಸಾಬ ಪಕ್ಕದಲ್ಲಿ ಕೂತ.

"ಕೂಸಿಗೆ ನೀರು ಹಾಕಾಕ ಓಣಿಯಾಗ ಮಂದಿ ಅದಾರ," ಎಂದ. "ಅದಕ್ಕ ನಾನಿ, ಅವ್ವನ ಅವ್ವ, ನೀ ಒಬ್ಬಾಕೀನ."

ಸೆರಗಿನಿಂದ ಕಣ್ಣೊರೆಸಿಕೊಂಡು "ಆತು, ಮಾಡ್ರಿ," ಎಂದಳು ಲಾಡಬಿ.

ಹೊಟ್ಟೆ ತೆರೆದು ಗಡ್ಡೆ ತೆಗೆದರು. ಉಳಿದ ಲಿವರ್ ತಾನೇ ಬೆಳೆಯುತ್ತದೆ ಎಂದು ಧೈರ್ಯ ಹೇಳಿ ಕಳಿಸಿದರು. ಮೂರು ವಾರಕ್ಕೆ ಅಸ್ಮಾಗೆ ಹೆಣ್ಣುಕೂಸು.

ನಾನು ಹೋದಾಗ ಯಲ್ಲವ್ವ ಕಾಲು ಚಾಚಿ ಎರೆಯುತ್ತಿದ್ದಳು. ಲಾಡಬಿ ಕುರ್ಚಿಯಲ್ಲಿ ಕೂತು, "ಕುತ್ತಿಗಿ ಹಿಡಿ, ಕಿವ್ಯಾಗ ನೀರು ಹೊಕ್ಕೇತಿ" ಎಂದು ಬಯ್ಯುತ್ತಿದ್ದಳು.

"ಭಾಳ ಆಸೆ ಆಕ್ಕೇತಿ ತಂಗಿ," ಎಂದಳು ನನಗೆ. "ಕಾಲು ತಾವ ಮುಂದಕ ಹೊಂಟಾವ."

"ಎರಡ ತಿಂಗಳಲ್ರಿ ಅಕ್ಕಾ."

"ಎರಡು ತಿಂಗಳಿಗೆ ಇದು ಇಷ್ಟ ಸಣ್ಣದು ಇರತದೇನು?"

ಯಲ್ಲವ್ವ ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದು ಲಾಡಬಿಯ ತೊಡೆಯ ಮೇಲೆ ಮಲಗಿಸಿದಳು. ಮಲಗಿಸಿಕೊಳ್ಳಲು ಲಾಡಬಿ ಬದುಕಿದ್ದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಲಿವರಿನ ಆಪರೇಶನ್ ಹೇಳಿದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಗಡ್ಡೆ ಎಲ್ಲಿದೆ, ದುರ್ಬೀನ ಆಗುತ್ತದೆಯೇ, ಆಗದಿದ್ದರೆ ಯಾಕೆ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಪಕ್ಕದ ಮನೆಯವರ ಹೊಟ್ಟೆ ನೋಡಿ ನಿಮ್ಮ ಆಪರೇಶನ್ ಮುಂದೂಡಬೇಡಿ.